ಸೋಮವಾರದ ಮೂವತ್ತೇಳು ಸೆಕೆಂಡು

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಆಕೆ ತನ್ನ ಅಣ್ಣನ ರಕ್ತದ ಟ್ಯೂಬನ್ನು ಬೆಚ್ಚನೆಯ ನೀರಿನ ತೊಟ್ಟಿಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದಳು. ಎಡಗೈಯಲ್ಲಿ ಸ್ಟಾಪ್‌ವಾಚು ಓಡುತ್ತಿತ್ತು. ಟ್ಯೂಬಿನೊಳಗಿನ, ರಕ್ತಕಣ ಬೇರ್ಪಡಿಸಿದ ಹಳದಿ ದ್ರವ ಆ ಕಡೆಗೆ ಹರಿಯಿತು, ಈ ಕಡೆಗೆ ಹರಿಯಿತು. ಮತ್ತೆ ಓರೆ ಮಾಡಿದಳು, ಮತ್ತೆ ಹರಿಯಿತು. ಇನ್ನೊಂದು ಸಲ ಓರೆ ಮಾಡಿದಾಗ ದ್ರವ ಹರಿಯಲಿಲ್ಲ. ತಣ್ಣಗಾದ ಅಂಟಿನ ಹಾಗೆ ಗಾಜಿಗೆ ಜೋತು ನಿಂತಿತು. ಹೆಬ್ಬೆರಳು ತಾನೇ ಗುಂಡಿ ಒತ್ತಿತು. ಮೂವತ್ತೇಳು ಸೆಕೆಂಡು.

ಶುಕ್ರವಾರ ಅದೇ ಅಣ್ಣನ ರಕ್ತ ಐವತ್ತೆಂಟು ಸೆಕೆಂಡು ತೆಗೆದುಕೊಂಡಿತ್ತು. ಶನಿವಾರ ಅರವತ್ತೊಂದು. ಆರೋಗ್ಯವಾಗಿರುವವರಿಗೆ ಇಪ್ಪತ್ತರ ಆಸುಪಾಸು ಸಾಕು.

ಆಕೆ ಕೂಡಲೇ ಎದ್ದು ಓಡಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ ಹಾಗೆ ಓಡಲು ಬಿಡುವುದಿಲ್ಲ. ಇನ್ನೂ ಎರಡು ಸಲ ಮಾಡಿದಳು. ಮೂವತ್ತೇಳು, ಮೂವತ್ತೆಂಟು. ರಿಜಿಸ್ಟರು ತೆಗೆದು ಬರೆದಳು, ಪೆನ್ನಿನ ಮುಚ್ಚಳ ಹಾಕಿದಳು, ಕೈ ತೊಳೆದಳು. ಆಮೇಲೆ ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿದಳು. ಆಕೆಗೆ ಐವತ್ತೊಂಬತ್ತು. ಮೇಲೆ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ವಾರ್ಡಿನ ಹಿರಿಯ ನರ್ಸು ಮುಖ ನೋಡಿಯೇ, "ಒಳ್ಳೇದೇ ಇರ್ಬೇಕು. ಕೆಟ್ಟ ಸುದ್ದಿ ತರೋವಾಗ ನೀವು ಲಿಫ್ಟಲ್ಲೇ ಬರ್ತೀರ" ಅಂದಳು.

ಆ ಬೋಧನಾ ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಸೆಕೆಂಡಮ್ಮ ಎನ್ನುತ್ತಾರೆ. ಯಾರು ಶುರು ಮಾಡಿದರೋ ತಿಳಿಯದು. ರೋಗಿ ಹೇಗಿದ್ದಾರೆ ಎಂದು ಕೇಳಿದರೆ ಚೆನ್ನಾಗಿದ್ದಾರೆ, ಇಲ್ಲ ಎಂದು ಹೇಳದೆ, ನಲವತ್ತೆರಡು, ಐವತ್ತು ಎಂದು ಸೆಕೆಂಡಿನಲ್ಲಿ ಹೇಳುವವಳು ಆಕೆ. ಪಕ್ಕದ ಕೋಣೆಯಲ್ಲಿ ಇದೇ ಕೆಲಸವನ್ನು ಒಂದು ಯಂತ್ರ ಒಂದೇ ಸಲಕ್ಕೆ ಮೂವತ್ತು ಟ್ಯೂಬಿಗೆ ಮಾಡುತ್ತದೆ. ಸೆಕೆಂಡಮ್ಮ ಮಾತ್ರ ತನ್ನ ಸಂಶೋಧನೆಯ ರೋಗಿಗಳ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ, ಕೈಯಾರೆ, ಕಣ್ಣಾರೆ ನೋಡುತ್ತಾಳೆ. ಯಂತ್ರ ಸುಳ್ಳು ಹೇಳಿದರೆ ಗೊತ್ತಾಗುವುದಿಲ್ಲ ಎನ್ನುವುದು ಆಕೆಯ ವಾದ. ಕೈ ಸುಳ್ಳು ಹೇಳಿದರೆ ಎಂದು ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರು. ಕೈಯನ್ನು ಬೈಯಬಹುದಲ್ಲ, ಯಂತ್ರವನ್ನು ಬೈದು ಏನು ಪ್ರಯೋಜನ ಎನ್ನುತ್ತಿದ್ದಳು.

ಆಕೆಯ ಹೆಸರಿನಲ್ಲಿ ಇಪ್ಪತ್ತೆರಡು ಸಂಶೋಧನಾ ಲೇಖನಗಳಿವೆ. ಅವುಗಳಲ್ಲಿ ಇಪ್ಪತ್ತೊಂದನ್ನು ಆಕೆಯಂಥವರೇ ಹತ್ತಿಪ್ಪತ್ತು ಜನ ಓದಿದ್ದಾರೆ. ಒಂದನ್ನು ಮಾತ್ರ ವೈದ್ಯರು ಓದಿ ಕೆಲಸಕ್ಕೆ ಹಚ್ಚಿದರು. ಅದರ ತಿರುಳು ಇಷ್ಟು: ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಮಾಡುವುದು ಯಕೃತ್ತು. ಅವುಗಳಲ್ಲಿ ಏಳನೆಯದು ಎಂದು ಕರೆಯುವ ಒಂದಕ್ಕೆ ಆಯಸ್ಸು ಬಹಳ ಕಮ್ಮಿ, ಐದಾರು ಗಂಟೆ. ಯಕೃತ್ತು ಕೈಚೆಲ್ಲಿದರೆ ಮೊದಲು ಬತ್ತುವುದು ಅದೇ. ಯಕೃತ್ತು ಮತ್ತೆ ಮೇಲೆದ್ದರೆ ಮೊದಲು ಕಾಣಿಸಿಕೊಳ್ಳುವುದೂ ಅದೇ. ಹಾಗಾಗಿ ಇದ್ದಕ್ಕಿದ್ದಂತೆ ಯಕೃತ್ತು ಸೋತ ರೋಗಿಯಲ್ಲಿ, ಆ ಏಳನೆಯದನ್ನು ಅಳೆಯುವ ಪರೀಕ್ಷೆಯ ಸೆಕೆಂಡುಗಳು ಮೂರನೇ ಒಂದು ಭಾಗದಷ್ಟು ಇಳಿದರೆ, ಯಕೃತ್ತು ಬದಲಿಸುವ ಆತುರ ಬೇಡ, ಕಾಯಬಹುದು. ಹನ್ನೊಂದು ವರ್ಷದಿಂದ ನಾಲ್ಕನೇ ಮಹಡಿಯ ವಾರ್ಡು ಇದನ್ನು ಪಾಲಿಸುತ್ತ ಬಂದಿತ್ತು. ಅಲ್ಲಿ ಅದಕ್ಕೆ ಸೆಕೆಂಡಮ್ಮನ ರೂಲು ಎಂದು ಹೆಸರು.

ಅರವತ್ತೊಂದು ಮೂವತ್ತೇಳಕ್ಕೆ ಇಳಿದಿತ್ತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ.

ಅಣ್ಣನಿಗೆ ಅರವತ್ತನಾಲ್ಕು. ಪುಸ್ತಕದ ಬೈಂಡರು. ಹನ್ನೆರಡು ದಿನದ ಹಿಂದಿನವರೆಗೂ ತನ್ನ ಅಂಗಡಿಯಲ್ಲಿ ರಟ್ಟು ಕತ್ತರಿಸುತ್ತಿದ್ದ. ಕಣ್ಣು ಹಳದಿಯಾಗಿದೆ ಎಂದು ಗಿರಾಕಿಯೊಬ್ಬ ಹೇಳಿದ ಮೇಲೆ ಕನ್ನಡಿ ನೋಡಿಕೊಂಡಿದ್ದ. ಕಾರಣ ಯಾವುದೆಂದು ಆಸ್ಪತ್ರೆಗೆ ಪತ್ತೆಯಾಗಲಿಲ್ಲ. ಒಂದು ವಾರದಲ್ಲಿ ಮಾತು ನಿಧಾನವಾಯಿತು, ಬರೆಯಲು ಹೇಳಿದರೆ ಅವನ ಸಹಿಯೇ ಅಡ್ಡಾದಿಡ್ಡಿಯಾಯಿತು. ವಾರ್ಡಿನ ಡಾಕ್ಟರು ಶನಿವಾರ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದ್ದರು. ಅವರು ಹಿಂದೆ ಸೆಕೆಂಡಮ್ಮನ ವಿದ್ಯಾರ್ಥಿಯಾಗಿದ್ದವರು. ಅಣ್ಣನ ಮಗಳ ಯಕೃತ್ತು ಹೊಂದುತ್ತದೆ, ಅರ್ಧ ತೆಗೆದು ಅಪ್ಪನಿಗೆ ಜೋಡಿಸಬಹುದು, ಅವಳದು ಮತ್ತೆ ಬೆಳೆಯುತ್ತದೆ, ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಮಾಡೋಣ ಎಂದಿದ್ದರು.

ಮಗಳಿಗೆ ಇಪ್ಪತ್ತಾರು. ಈಜು ಕಲಿಸುವ ಕೆಲಸ. ಹೂಂ ಎನ್ನಲು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಒಪ್ಪದವನು ಅಣ್ಣ. ಚೆನ್ನಾಗಿರೋ ಹುಡುಗಿಯ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ ಎಂದು ಹಟ ಹಿಡಿದ. ಹೆಂಡತಿ ಅತ್ತಳು, ಮಗಳು ಜಗಳ ಆಡಿದಳು. ಕಡೆಗೆ ಅವನು ತಂಗಿಯ ಕಡೆ ತಿರುಗಿ ಒಂದು ಮಾತು ಹೇಳಿದ. "ಬೇರೆ ದಾರಿನೇ ಇಲ್ಲ ಅಂತ ನಿನ್ನ ಪುಸ್ತಕ ಹೇಳ್ಬೇಕು, ಮರಿ. ಆಗ ಮಾತ್ರ." ತಂಗಿ ಆಗಲಿ ಎಂದಳು. ಎಲ್ಲರಿಗೂ ಅದೇ ಸರಿ ಎನಿಸಿತು.

ಈಗ ರಿಜಿಸ್ಟರಿನ ಪುಸ್ತಕ ಬೇರೆ ದಾರಿ ಇದೆ ಎಂದಿತ್ತು. ಹಾಸಿಗೆಯ ಪಕ್ಕ ನಿಂತಾಗ ಅಣ್ಣ ಕಣ್ಣು ತೆರೆದೇ ಇದ್ದ.

"ಏನ್ ಮರಿ, ಪಾಸೋ ಫೇಲೋ?"

"ಪಾಸು. ಮೂವತ್ತೇಳು."

"ಎಷ್ಟಕ್ಕೆ?"

"ಇಪ್ಪತ್ತು ಬಂದ್ರೆ ಫಸ್ಟ್ ಕ್ಲಾಸು. ಕಮ್ಮಿ ಬಂದಷ್ಟೂ ಒಳ್ಳೇದು."

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸುವುದೇ ಅವನಿಗೆ ಕಷ್ಟವಾಗಿತ್ತು. "ಕಮ್ಮಿ ಬಂದಷ್ಟೂ ಒಳ್ಳೇದು ಅನ್ನೋದು ನಮ್ಮ ಮೇಷ್ಟ್ರಿಗೆ ಗೊತ್ತಿದ್ದಿದ್ರೆ ಸ್ಕೂಲಲ್ಲಿ ನಾನೇ ಫಸ್ಟು" ಅಂದ. ಅತ್ತಿಗೆ ಹನ್ನೆರಡು ದಿನದಲ್ಲಿ ಮೊದಲ ಸಲ ನಕ್ಕಳು.

ಡಾಕ್ಟರು ಎರಡು ಸಲ ಕೇಳಿದರು. ಮೂರು ಸಲ ಮಾಡಿದ್ದೀರಾ ಮೇಡಂ ಎಂದರು. ಮಾಡಿದ್ದೇನೆ ಎಂದಳು. ಹಾಗಾದರೆ ನಿಮ್ಮ ರೂಲಿನ ಪ್ರಕಾರ ಕಾಯೋಣ ಎಂದು ಅವರು ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನ್ ಮಾಡಿ ಎರಡು ಗಂಟೆಯ ಸಮಯವನ್ನು ಬಿಟ್ಟುಕೊಟ್ಟರು. ಪಕ್ಕದ ಕೋಣೆಯಲ್ಲಿ ಮಗಳು ಹಸಿದ ಹೊಟ್ಟೆಯಲ್ಲಿ, ಹಸಿರು ಗೌನು ತೊಟ್ಟು, ಕೈಗೆ ಹೆಸರಿನ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. ಆ ಪಟ್ಟಿ ಕತ್ತರಿಸುವಾಗ ಅವಳಿಗೆ ಖುಷಿಯೋ ನಿರಾಸೆಯೋ ಹೇಳಲು ಬರುತ್ತಿರಲಿಲ್ಲ.

"ಅತ್ತೆ, ನಿಜವಾಗ್ಲೂ ಬೇಡ್ವಾ?"

"ಬೇಡ ಕಣೆ. ನಂಬು."

ಮಂಗಳವಾರ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಎಂಟಕ್ಕೆ ಆಕೆಯ ಕೈಗೆ ಬಂತು. ಓರೆ ಮಾಡಿದಳು, ಹರಿಯಿತು. ಮೂವತ್ತೈದು ಸೆಕೆಂಡಿನಿಂದಲೇ ಹೆಬ್ಬೆರಳು ಗುಂಡಿಯ ಮೇಲೆ ಕಾದಿತ್ತು. ನಲವತ್ತಕ್ಕೂ ಹರಿಯಿತು. ಐವತ್ತಕ್ಕೂ ಹರಿಯಿತು. ಅರವತ್ತಾರಕ್ಕೆ ನಿಂತಿತು.

ತೊಟ್ಟಿಯ ಉಷ್ಣಮಾಪಕ ನೋಡಿದಳು. ಮೂವತ್ತೇಳು ಡಿಗ್ರಿ, ಸರಿಯಾಗಿದೆ. ಪರೀಕ್ಷೆಗೆ ಬೆರೆಸುವ ದ್ರವದ ಹೊಸ ಬಾಟಲಿ ಒಡೆದು ಮತ್ತೆ ಮಾಡಿದಳು. ಅರವತ್ತಾರು. ತನ್ನದೇ ಬೆರಳು ಚುಚ್ಚಿಕೊಳ್ಳುವಷ್ಟು ಅನುಮಾನ ಬಂದು, ಆರೋಗ್ಯವಂತರ ರಕ್ತವನ್ನು ಹೋಲಿಕೆಗೆ ಇಟ್ಟಳು. ಅದು ಇಪ್ಪತ್ತಕ್ಕೆ ನಿಂತಿತು. ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ಒಂದೇ ದಿನದಲ್ಲಿ ಎದ್ದ ಯಕೃತ್ತು ಒಂದೇ ದಿನದಲ್ಲಿ ಹೀಗೆ ನೆಲ ಕಚ್ಚುವುದಿಲ್ಲ. ಈ ಸಲ ಲಿಫ್ಟಿನಲ್ಲಿ ಹೋದಳು.

ಅಣ್ಣ ಗೋಡೆಯ ಕಡೆ ಮುಖ ಮಾಡಿ, ಅಂಗಡಿಯ ಕತ್ತರಿ ಯಾರು ತೆಗೆದುಕೊಂಡು ಹೋದರು ಎಂದು ಕೇಳುತ್ತಿದ್ದ. ತಂಗಿಯ ಗುರುತು ಸಿಕ್ಕಿತು, ಹೆಸರು ಸಿಗಲಿಲ್ಲ. ಡಾಕ್ಟರು ಅರವತ್ತಾರು ಎಂಬುದನ್ನು ಕೇಳಿ ತುಟಿ ಕಚ್ಚಿದರು. ನಾಳೆ ಬೆಳಿಗ್ಗೆ ಏಳಕ್ಕೆ ಶಸ್ತ್ರಚಿಕಿತ್ಸೆಗೆ ಸಮಯ ಹೊಂದಿಸುತ್ತೇನೆ ಎಂದರು. ಇವತ್ತೇ ಆಗಲ್ವಾ ಎಂದು ಆಕೆ ಕೇಳಿದಳು. ಎರಡು ಕೋಣೆ, ಎರಡು ತಂಡ ಒಟ್ಟಿಗೆ ಬೇಕು. ನಿನ್ನೆ ಬಿಟ್ಟುಕೊಟ್ಟದ್ದು ಇವತ್ತು ಸಿಗುವುದಿಲ್ಲ.

ಬಾಗಿಲ ಬಳಿ ಹಿರಿಯ ನರ್ಸು ನಿಂತಿದ್ದಳು. ನಿನ್ನೆಯ ಟ್ಯೂಬು ಅದಲುಬದಲಾಗಿತ್ತೇನೋ ಎಂದು ಸೆಕೆಂಡಮ್ಮ ಕೇಳಿದಳು. ನರ್ಸು ಬೇಸರ ಮಾಡಿಕೊಳ್ಳಲಿಲ್ಲ. "ಭಾನುವಾರ ಸಂಜೆ ಆರಕ್ಕೆ ನಾನೇ ತೆಗೆದದ್ದು. ಹೆಸರು ನಾನೇ ಬರೆದೆ. ನಿಮ್ಮ ಫ್ರಿಜ್ಜಲ್ಲಿ ನಿಮ್ಮ ಸ್ಟ್ಯಾಂಡಲ್ಲೇ ಇಟ್ಟೆ. ಯಾವಾಗ್ಲೂ ಇಡೋ ಹಾಗೇನೇ."

ಭಾನುವಾರ ಲ್ಯಾಬಿಗೆ ರಜೆ. ಭಾನುವಾರದ ರಕ್ತವನ್ನು ನರ್ಸುಗಳು ಸಂಜೆ ತೆಗೆದು ಲ್ಯಾಬಿನ ಫ್ರಿಜ್ಜಿನಲ್ಲಿಡುತ್ತಾರೆ, ಸೆಕೆಂಡಮ್ಮ ಸೋಮವಾರ ಎಂಟಕ್ಕೆ ಬಂದು ಪರೀಕ್ಷೆ ಮಾಡುತ್ತಾಳೆ. ಫ್ರಿಜ್ಜಿನ ಬಾಗಿಲ ಮೇಲೆ ಭಾನುವಾರದ ಟ್ಯೂಬುಗಳು ಇಲ್ಲಿ ಎಂಬ ಚೀಟಿ ಇದೆ. ಅಕ್ಷರ ಆಕೆಯದೇ. ಬೇಸಿಗೆಯ ರಜಾದಿನ ಮುಚ್ಚಿದ ಕೋಣೆಯಲ್ಲಿ ರಕ್ತ ಕೆಡುತ್ತದೆಂಬ ಕಾಳಜಿಯಿಂದ ಹದಿನೈದು ವರ್ಷದ ಹಿಂದೆ ಅಂಟಿಸಿದ್ದು.

ಲ್ಯಾಬಿಗೆ ಇಳಿದು ಬಂದವಳು ಆ ಚೀಟಿಯ ಮುಂದೆ ನಿಂತಳು. ಗಾಜಿನ ಟ್ಯೂಬಿನಲ್ಲಿ ರಕ್ತವನ್ನು ಹೆಚ್ಚು ಹೊತ್ತು ತಣ್ಣಗಿಟ್ಟರೆ ಏಳನೆಯ ಪ್ರೋಟೀನು ಸುಮ್ಮಸುಮ್ಮನೆ ಚುರುಕಾಗುತ್ತದೆ, ಇದ್ದದ್ದು ಸ್ವಲ್ಪವೇ ಆದರೂ ಬಹಳ ಇರುವಂತೆ ನಟಿಸುತ್ತದೆ. ಇದು ಆಕೆಗೆ ಗೊತ್ತಿಲ್ಲದ ವಿಷಯವಲ್ಲ. ಪಠ್ಯಪುಸ್ತಕದಲ್ಲಿ ಅರ್ಧ ಪುಟ ಇದೆ. ಆಕೆಯೇ ಪ್ರತಿವರ್ಷ ಪಾಠ ಮಾಡುತ್ತಿದ್ದಳು. ಚೀಟಿ ಅಂಟಿಸುವ ಮೊದಲು ಪರೀಕ್ಷೆಯನ್ನೂ ಮಾಡಿದ್ದಳು. ರಕ್ತವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ನೋಡಿ, ಒಂದು ಸೆಕೆಂಡೂ ವ್ಯತ್ಯಾಸ ಇಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಳು. ಅದು ಯಾರ ರಕ್ತ ಎಂಬುದು ಈಗ ನೆನಪಾಯಿತು. ಆಕೆಯದೇ. ಲ್ಯಾಬುಗಳಲ್ಲಿ ಹಾಗೆಯೇ ಮಾಡುವುದು. ತೋಳು ಮಡಿಸಿ, ಪಕ್ಕದವರಿಂದ ಚುಚ್ಚಿಸಿಕೊಂಡು, ತಮ್ಮ ರಕ್ತದಿಂದಲೇ ಶುರು ಮಾಡುತ್ತಾರೆ.

ಮಿಕ್ಕಿದ್ದ ಅಣ್ಣನ ರಕ್ತವನ್ನು ಮಂಗಳವಾರ ಸಂಜೆ ಆರಕ್ಕೆ ಎರಡು ಟ್ಯೂಬಿಗೆ ಹಂಚಿದಳು. ಒಂದನ್ನು ಮೇಜಿನ ಮೇಲಿಟ್ಟಳು. ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟಳು.

ಬುಧವಾರ ಬೆಳಿಗ್ಗೆ ಆರೂವರೆಗೆ ಡಾಕ್ಟರು ಅಣ್ಣನ ಕಣ್ಣಿಗೆ ಟಾರ್ಚು ಬಿಟ್ಟಾಗ ಒಂದು ಪಾಪೆ ಕುಗ್ಗಲಿಲ್ಲ. ಮಿದುಳು ಊದಿಕೊಂಡಿತ್ತು. ಹಾಗಾದ ಮೇಲೆ ಯಾರ ಯಕೃತ್ತು ತಂದರೂ ಉಪಯೋಗವಿಲ್ಲ. ಪಕ್ಕದ ಕೋಣೆಯಲ್ಲಿ ಮಗಳ ಕೈಯ ಪಟ್ಟಿಯನ್ನು ಎರಡನೆಯ ಸಲ ಕತ್ತರಿಸಿದರು. ಎಂಟು ಗಂಟೆಗೆ ಸೆಕೆಂಡಮ್ಮ ಕೆಳಗೆ ಬಂದು ಎರಡು ಟ್ಯೂಬುಗಳನ್ನೂ ಪರೀಕ್ಷೆ ಮಾಡಿದಳು. ಆ ಹೊತ್ತಿನಲ್ಲಿ ಅದನ್ನು ಮಾಡಿದ್ದು ಸರಿಯೋ ತಪ್ಪೋ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದಾಳೆ. ಮೇಜಿನ ಮೇಲಿನದು ಅರವತ್ತೇಳು. ಫ್ರಿಜ್ಜಿನದು ಮೂವತ್ತೊಂಬತ್ತು.

ಅಣ್ಣ ಗುರುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ತೀರಿಕೊಂಡ.

ನಡೆದದ್ದು ಏನೆಂದು ಆಕೆಗೆ ಪೂರ್ತಿ ಅರ್ಥವಾಗಲು ಇನ್ನೊಂದು ವಾರ ಹಿಡಿಯಿತು. ತಣ್ಣಗಿಟ್ಟಾಗ ಏಳನೆಯ ಪ್ರೋಟೀನು ಚುರುಕಾಗದಂತೆ ತಡೆಯುವ ಕಾವಲುಗಾರ ಪ್ರೋಟೀನೊಂದು ರಕ್ತದಲ್ಲಿದೆ. ಆರೋಗ್ಯವಂತರಲ್ಲಿ ಅದು ಬೇಕಾದಷ್ಟಿರುತ್ತದೆ. ಆಕೆಯಲ್ಲೂ ಇತ್ತು, ಅದಕ್ಕೇ ಒಂದು ಸೆಕೆಂಡೂ ವ್ಯತ್ಯಾಸ ಬಂದಿರಲಿಲ್ಲ. ಆದರೆ ಆ ಕಾವಲುಗಾರನನ್ನು ತಯಾರಿಸುವುದೂ ಯಕೃತ್ತೇ. ಯಕೃತ್ತು ಎಷ್ಟು ಸೋತಿರುತ್ತದೋ ಕಾವಲು ಅಷ್ಟು ಕಡಿಮೆ, ಫ್ರಿಜ್ಜಿನಲ್ಲಿ ರಕ್ತದ ನಟನೆ ಅಷ್ಟು ಜೋರು. ಅಂದರೆ ಸೋಮವಾರದ ಅಂಕಿ ಎಷ್ಟು ಚೆನ್ನಾಗಿದ್ದರೆ ರೋಗಿ ಅಷ್ಟು ಕೆಟ್ಟಿದ್ದಾನೆ.

ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಹರಡಿಕೊಂಡಳು. ಒಂಬತ್ತು ರಿಜಿಸ್ಟರು. ಎಲ್ಲವನ್ನೂ ಅಣ್ಣನೇ ಹೊಲಿದು, ಕರಿ ಬಟ್ಟೆಯ ರಟ್ಟು ಹಾಕಿ, ಗೆರೆ ಎಳೆಸಿ ಕೊಟ್ಟಿದ್ದ. ರೋಗಿಯ ಸಂಖ್ಯೆ, ತಾರೀಖು, ರಕ್ತ ತೆಗೆದ ಹೊತ್ತು, ಪರೀಕ್ಷೆಯ ಹೊತ್ತು, ಸೆಕೆಂಡು, ಷರಾ. ಆರು ಕಾಲಂ. ಮೊದಲನೆಯದನ್ನು ಮಾಡುವಾಗ ಪುಟ ಅಗಲವಾಗಿದೆ, ಏಳು ಹಾಕಲಾ ಎಂದು ಅವನು ಕೇಳಿದ್ದ. ಆರು ಸಾಕು, ಖಾಲಿ ಬಿಟ್ಟರೆ ಅಸಹ್ಯ ಎಂದಿದ್ದಳು. ತೆಗೆದ ಹೊತ್ತಿಗೂ ಪರೀಕ್ಷೆಯ ಹೊತ್ತಿಗೂ ನಡುವೆ ಟ್ಯೂಬು ಎಲ್ಲಿತ್ತು ಎಂದು ಬರೆಯಲು ಆ ಒಂಬತ್ತು ಪುಸ್ತಕಗಳಲ್ಲಿ ಎಲ್ಲೂ ಜಾಗವಿರಲಿಲ್ಲ. ಈಗ ಆಕೆ ಪ್ರತಿ ಸಾಲಿನ ತಾರೀಖಿಗೂ ಹಳೆಯ ಕ್ಯಾಲೆಂಡರು ನೋಡಿ, ಸೋಮವಾರವಾದರೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದಳು. ನರ್ಸು ಒಂದು ಸಲ ಬಂದು, ಊಟ ಆಯ್ತಾ ಎಂದು ಕೇಳಿ, ಬಾಗಿಲು ಮುಂದಕ್ಕೆಳೆದುಕೊಂಡು ಹೋದಳು.

ಮೂಲ ಲೇಖನದಲ್ಲಿ ಸೆಕೆಂಡು ಇಳಿದು ಕಾದವರು ಇಪ್ಪತ್ತಮೂರು ಜನ. ಹತ್ತೊಂಬತ್ತು ಜನ ಬದುಕಿದ್ದರು. ಸತ್ತ ನಾಲ್ವರ ಬಗ್ಗೆ ಆಕೆ ಒಂದು ವಾಕ್ಯ ಬರೆದಿದ್ದಳು, ಅವರಿಗೆ ಸೋಂಕು ತಗುಲಿತ್ತು ಎಂದು. ಸೋಂಕು ತಗುಲಿದ್ದು ನಿಜ. ನಾಲ್ವರ ಸಾಲಿನ ಮುಂದೆಯೂ ಈಗ ಚುಕ್ಕೆ ಬಿತ್ತು. ಆಮೇಲಿನ ಹನ್ನೊಂದು ವರ್ಷದಲ್ಲಿ ಅವಳ ರೂಲನ್ನು ನಂಬಿ ವಾರ್ಡು ಐವತ್ತೆಂಟು ಜನರನ್ನು ಕಾಯಿಸಿತ್ತು. ಅಣ್ಣ ಅವರಲ್ಲಿ ಕೊನೆಯವನು. ಬೇರೆ ದಿನಗಳ ಅಂಕಿ ನೋಡಿ ಕಾದವರು ನಲವತ್ತನಾಲ್ಕು, ಅವರಲ್ಲಿ ಸತ್ತವರು ಐದು. ಸೋಮವಾರದ ಅಂಕಿ ನೋಡಿ ಕಾದವರು ಹದಿನಾಲ್ಕು, ಸತ್ತವರು ಒಂಬತ್ತು.

ರೂಲು ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಎಂದೋ ಹಿಡಿದಿರುತ್ತಿದ್ದರು. ವಾರದಲ್ಲಿ ಐದು ದಿನ ಅದು ನಿಜವಾಗಿತ್ತು.

ಮೊದಲು ಡಾಕ್ಟರಿಗೆ ಹೇಳಿದಳು, ಲೇಖನ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆಯುತ್ತೇನೆ ಎಂದೂ ಹೇಳಿದಳು. ಅವರು ಚುಕ್ಕೆಗಳಿದ್ದ ಪುಟಗಳನ್ನು ತಿರುವಿ ಹಾಕಿದರು, ಮತ್ತೆ ತಿರುವಿ ಹಾಕಿದರು. ಭಾನುವಾರದ ರಕ್ತವನ್ನು ನಾಳೆಯಿಂದಲೇ ನಿಲ್ಲಿಸುತ್ತೇನೆ ಎಂದರು. ನಿಮ್ಮ ಅಣ್ಣ ಸೋಮವಾರ ಶಸ್ತ್ರಚಿಕಿತ್ಸೆ ಆಗಿದ್ದರೂ ಉಳಿಯುತ್ತಿದ್ದರು ಎಂದು ಹೇಳಲಾಗುವುದಿಲ್ಲ ಎಂದೂ ಸಮಾಧಾನ ಮಾಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಬರೀಬೇಡಿ ಅಂತ ನಾನು ಹೇಳಲ್ಲ, ಮೇಡಂ. ಇನ್ನು ಎಂಟು ತಿಂಗಳಿಗೆ ನಿಮ್ಮ ನಿವೃತ್ತಿ. ಆಮೇಲೆ ಬರೀರಿ. ಈಗ ಬರೆದ್ರೆ ನಿಮ್ಮ ಹೆಸರು ಹೇಳಿದ ತಕ್ಷಣ ಜನಕ್ಕೆ ಇದೊಂದೇ ನೆನಪಾಗುತ್ತೆ."

"ಬೇರೆ ಊರಲ್ಲಿ ಈ ರೂಲು ಇಟ್ಕೊಂಡಿರೋರಿಗೂ ಸೋಮವಾರ ಬರುತ್ತಲ್ಲಪ್ಪ" ಎಂದಳು ಆಕೆ.

ಪತ್ರಿಕೆಗೆ ಬರೆದ ಕಾಗದಕ್ಕೆ ಅವರೂ ಸಹಿ ಹಾಕಿದರು.

ಅತ್ತಿಗೆಯ ಮನೆಗೆ ಹೋಗಿ ಹೇಳುವುದನ್ನು ಮಾತ್ರ ಆಕೆ ಮೂರು ಸಲ ಮುಂದೂಡಿದಳು. ಒಂದು ಸಲ ಗೇಟಿನವರೆಗೆ ಹೋಗಿ ವಾಪಸು ಬಂದಳು. ನಾಲ್ಕನೆಯ ಸಲ ಅತ್ತಿಗೆ ಮನೆಯಲ್ಲಿರಲಿಲ್ಲ, ಕೆಳಗಿನ ಅಂಗಡಿಯಲ್ಲಿದ್ದಳು. ಗಿರಾಕಿಗಳು ಬೈಂಡಿಗೆ ಕೊಟ್ಟು ಹೋಗಿದ್ದ ಪುಸ್ತಕಗಳನ್ನು ಮಗಳ ಜೊತೆ ಸೇರಿ ಹೆಸರಿನ ಪ್ರಕಾರ ವಿಂಗಡಿಸುತ್ತಿದ್ದಳು. ಅರ್ಧ ಹೊಲಿದದ್ದು, ರಟ್ಟು ಹಾಕಿ ಒಣಗಲು ಬಿಟ್ಟದ್ದು, ಇನ್ನೂ ಬಿಚ್ಚದ್ದು. ಅಂಟು ಡಬ್ಬಿಯಲ್ಲೇ ಗಟ್ಟಿಯಾಗಿ, ಕುಂಚ ಅದರಲ್ಲಿ ನೆಟ್ಟಗೆ ನಿಂತುಬಿಟ್ಟಿತ್ತು. ಮಗಳು ಅದನ್ನು ಕೀಳಲು ನೋಡಿ, ಆಗದೆ, ಹಾಗೆಯೇ ಬಿಟ್ಟಿದ್ದಳು.

ಸೆಕೆಂಡಮ್ಮ ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ, ಪಾಠ ಮಾಡುವ ಹಾಗೆ ಹೇಳಿದಳು. ಫ್ರಿಜ್ಜು, ಚೀಟಿ, ತನ್ನ ರಕ್ತ, ಅಣ್ಣನ ರಕ್ತ, ಸೋಮವಾರದ ಅಂಕಿ ನಂಬಿ ಸತ್ತ ಒಂಬತ್ತು ಜನ. ಬೇರೆ ಥರ ಹೇಳಲು ಆಕೆಗೆ ಬರುವುದಿಲ್ಲ. ಅತ್ತಿಗೆ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಡದೆ ಕೇಳಿದಳು.

"ಸೋಮವಾರನೇ ಮಾಡಿದ್ದಿದ್ರೆ ಬದುಕ್ತಿದ್ರಾ?"

"ಹೇಳಕ್ಕಾಗಲ್ಲ ಅತ್ತಿಗೆ. ಅಂಥ ಹತ್ತು ಜನರಲ್ಲಿ ಐದಾರು ಜನ ಬದುಕ್ತಾರೆ."

"ಐದಾ, ಆರಾ?"

"ಆರು."

ಹೊರಗೆ ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು. ಅದು ನಿಂತ ಮೇಲೆ ಅತ್ತಿಗೆ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟಳು.

"ನೀನು ಹೇಳದೇ ಇದ್ದಿದ್ರೆ ನಮಗಿದು ಗೊತ್ತಾಗ್ತಾನೇ ಇರ್ಲಿಲ್ಲ, ಅಲ್ವಾ?"

"ಇಲ್ಲ."

"ಇಷ್ಟು ದಿನ ಅವರನ್ನ ಕಳ್ಕೊಂಡೆ ಅಂತ ಅಳ್ತಿದ್ದೆ. ಈಗ ನಿನ್ನ ಮೇಲೆ ಸಿಟ್ಟೂ ಮಾಡ್ಕೋಬೇಕು. ಅಷ್ಟು ಶಕ್ತಿ ನನಗೆಲ್ಲಿದೆ, ಹೇಳು" ಎಂದಳು ಅತ್ತಿಗೆ. ದನಿ ಏರಲಿಲ್ಲ. ಹೊಟ್ಟೆಗೆ ಹಾಕಿಕೋ ಎಂದು ಕೇಳಬೇಕೆಂದು ಸೆಕೆಂಡಮ್ಮ ಬಂದಿದ್ದಳು. ಕೇಳದೆ ಸ್ಟೂಲಿನಿಂದ ಎದ್ದಳು.

ಮಗಳು ಅಷ್ಟು ಹೊತ್ತೂ ಬೆನ್ನು ಹಾಕಿ ನಿಂತಿದ್ದಳು. ತಿರುಗಿದಾಗ ಅವಳ ಕೈ ತನ್ನ ಹೊಟ್ಟೆಯ ಬಲಭಾಗದ ಮೇಲಿತ್ತು, ಗೊತ್ತಿಲ್ಲದೆಯೇ ಅಲ್ಲಿಗೆ ಹೋಗಿತ್ತು. "ಎರಡು ಸಲ ರೆಡಿಯಾಗಿ ಕೂತಿದ್ದೆ ಅತ್ತೆ" ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು.

ಅತ್ತಿಗೆ ಬಾಗಿಲವರೆಗೆ ಬಂದಳು. ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಹೋಗುವಾಗ ಒಂದನ್ನು ಮಾತ್ರ ಕೇಳಿದಳು. ಆ ಮಿಕ್ಕ ಎಂಟು ಮನೆಯವರಿಗೆ ಇದು ಗೊತ್ತಾ ಎಂದು. ಗೊತ್ತಿಲ್ಲ ಎಂದಳು ಸೆಕೆಂಡಮ್ಮ. "ನಮಗೆ ಹೇಳಿದ ಮೇಲೆ ಅವರಿಗೂ ಹೇಳು. ನಿನ್ನ ಅತ್ತಿಗೆ ಅಂತ ನನಗೊಬ್ಬಳಿಗೇ ಈ ಭಾರ ಹೊರಿಸ್ಬೇಡ" ಎಂದು ಅತ್ತಿಗೆ ಬಾಗಿಲು ಹಾಕಿಕೊಂಡಳು.

ಆಸ್ಪತ್ರೆಯ ಸಮಿತಿ ಈ ವಿಷಯವನ್ನು ಎರಡು ಸಲ ಕೂತು ಚರ್ಚಿಸಿತು. ಆ ಎಂಟು ಮನೆಗಳಿಗೆ ಕಾಗದ ಬರೆಯುವುದರಿಂದ ಯಾರಿಗೆ ಏನು ಲಾಭ ಎಂದು ಒಬ್ಬರು ಕೇಳಿದರು. ಲಾಭ ಇಲ್ಲ ಎಂದು ಸೆಕೆಂಡಮ್ಮ ಒಪ್ಪಿಕೊಂಡಳು. ಆದರೂ ಬರೆಯಬೇಕು ಎಂದಳು. ಮೂರನೆಯ ಸಲ ಅನುಮತಿ ಸಿಕ್ಕಿತು. ಕಾಗದವನ್ನು ಕಚೇರಿಯವರು ಟೈಪು ಮಾಡಿ ಎಲ್ಲರಿಗೂ ಒಂದೇ ಥರ ಕಳಿಸುತ್ತೇವೆ ಎಂದರು. ಆಕೆ ಅದಕ್ಕೆ ಒಪ್ಪದೆ, ತಾನೇ ಕೈಯಲ್ಲಿ ಬರೆಯುವುದಾಗಿ ಕೇಳಿಕೊಂಡಳು.

ಲೇಖನಕ್ಕೆ ತಿದ್ದುಪಡಿ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಮುಕ್ಕಾಲು ಪುಟ. ಎಂಟು ಕಾಗದಗಳಲ್ಲಿ ಮೂರನ್ನು ಬರೆದು ಅಂಚೆಗೆ ಹಾಕಿದ್ದಾಳೆ. ಒಂದಕ್ಕೆ ಉತ್ತರ ಬಂದಿದೆ, ಒಂದು ವಿಳಾಸ ಸಿಗದೆ ವಾಪಸು ಬಂದಿದೆ. ನಾಲ್ಕನೆಯದು ಆರು ವರ್ಷದ ಹಿಂದೆ ತೀರಿಕೊಂಡ ಒಬ್ಬ ದರ್ಜಿಯ ಹೆಂಡತಿಗೆ. ಅದನ್ನು ನಾಳೆ ಬರೆಯುತ್ತಾಳೆ.